ಅಂದು ಹಾಕಿದ್ದರೆ: ಒಂದು ಸೌರ ಷೇರಿನ ಹದಿನೆಂಟು ವರ್ಷ



ಇವತ್ತಿನ ಈ ದತ್ತಿ ಉಪನ್ಯಾಸಕ್ಕೆ ಸಿದ್ಧನಾಗಲು ಕುಳಿತಾಗ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ‘ದತ್ತಿ’ ಎಂಬ ಪದ. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಬಹಳ ಪರಿಚಿತ. ಯಾರೋ ಒಬ್ಬ ಸೆಟ್ಟಿ, ಯಾರೋ ಒಬ್ಬ ಹೆಣ್ಣುಮಗಳು, ದೇವಾಲಯದ ನಂದಾದೀಪಕ್ಕೆಂದು ಇಷ್ಟು ಗದ್ಯಾಣ ಹೊನ್ನು ಕೊಡುತ್ತಾರೆ. ಆ ಹೊನ್ನು ಖರ್ಚಾಗಬಾರದು. ಊರ ಮಹಾಜನರ ಬಳಿಯೋ ವರ್ತಕರ ಬಳಿಯೋ ಅದು ಉಳಿಯಬೇಕು, ಅದರ ಬಡ್ಡಿಯಿಂದ ಎಣ್ಣೆ ಬರಬೇಕು, ಎಣ್ಣೆಯಿಂದ ದೀಪ ಉರಿಯಬೇಕು. ಎಲ್ಲಿಯವರೆಗೆ? ಆಚಂದ್ರಾರ್ಕ, ಚಂದ್ರ ಸೂರ್ಯರಿರುವವರೆಗೆ. ಈ ಉಪನ್ಯಾಸದ ದತ್ತಿಯೂ ಅದೇ ಜಾತಿಯದು. ಬ್ಯಾಂಕಿನಲ್ಲಿ ಒಂದು ಠೇವಣಿ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಮಾತು.

ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವನು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪಾವಗಡ ತಾಲ್ಲೂಕಿನ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೊಬೈಲ್ ತೆಗೆದು ಒಂದು ಅಂಕಿ ತೋರಿಸಿದ. ಅಮೆರಿಕದ ಒಂದು ಸೌರ ಕಂಪನಿಯ ಷೇರು. ‘ಸರ್, 2006ರಲ್ಲಿ ಒಂದು ಲಕ್ಷ ಹಾಕಿದ್ದರೆ ಇವತ್ತು ಎಷ್ಟಾಗ್ತಿತ್ತು ನೋಡಿ’ ಎಂದ. ಅವನ ದನಿಯಲ್ಲಿ ಉತ್ಸಾಹಕ್ಕಿಂತ ನೋವಿತ್ತು, ಏನನ್ನೋ ಕಳೆದುಕೊಂಡವನ ನೋವು. ಕೈಯಲ್ಲಿ ಇರದೇ ಇದ್ದದ್ದನ್ನು ಕಳೆದುಕೊಳ್ಳುವುದು ಹೇಗೆ? ಆದರೂ ಆ ನೋವು ನಿಜವಾಗಿತ್ತು. ಅಂದಿನಿಂದ ನಾನು ಈ ‘ಹಾಕಿದ್ದರೆ’ಯ ಬೆನ್ನು ಹತ್ತಿದೆ. ಅವನು ತೋರಿಸಿದ ಷೇರನ್ನೇ ತೆಗೆದುಕೊಂಡು ವರ್ಷ ವರ್ಷದ ಬೆಲೆ ಬರೆದು ಕೂಡಿಸಿ ಕಳೆದು ನೋಡಿದೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಂಪನಿಯ ಹೆಸರು ಫಸ್ಟ್ ಸೋಲಾರ್. ಅದರ ಬೇರು ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ಎಂಬ ಗಾಜಿನ ಊರಿನಲ್ಲಿದೆ. ಹೆರಾಲ್ಡ್ ಮೆಕ್‌ಮಾಸ್ಟರ್ ಎಂಬ ಗಾಜಿನ ತಜ್ಞ, ಗಟ್ಟಿಗಾಜು ತಯಾರಿಸುವ ಯಂತ್ರಗಳಿಂದ ಹೆಸರು ಮಾಡಿದವನು, ಗಾಜಿನ ಮೇಲೆ ತೆಳುವಾದ ಪದರ ಬಳಿದು ಬಿಸಿಲಿನಿಂದ ವಿದ್ಯುತ್ ತೆಗೆಯುವ ಹಂಬಲ ಹೊತ್ತು 1990ರಲ್ಲಿ ಒಂದು ಕಂಪನಿ ಕಟ್ಟಿದ. 1999ರಲ್ಲಿ ಅದು ಹೊಸ ಹೂಡಿಕೆದಾರರ ಕೈಗೆ ಬಂತು, ಹೆಸರು ಫಸ್ಟ್ ಸೋಲಾರ್ ಆಯಿತು. ವಾಲ್‌ಮಾರ್ಟ್ ಕುಟುಂಬದ ಜಾನ್ ವಾಲ್ಟನ್ ಅದಕ್ಕೆ ಹಣ ಹೂಡಿದವರಲ್ಲಿ ಪ್ರಮುಖ. ಹೆಚ್ಚಿನವರು ಸಿಲಿಕಾನ್ ಬಿಲ್ಲೆಗಳಿಂದ ಪ್ಯಾನೆಲ್ ಮಾಡುತ್ತಿದ್ದಾಗ ಇವರು ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಸಂಯುಕ್ತದ ಹಿಂದೆ ಹೋದರು. ಮನೆಯಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಗಾಜಿನ ಮೇಲೆ ಒಂದು ತೆಳು ಪದರ, ಅಷ್ಟೇ.

2006ರ ನವೆಂಬರ್‌ನಲ್ಲಿ ಷೇರು ಸಾರ್ವಜನಿಕರಿಗೆ ಬಂತು. ನಿಗದಿಯಾದ ಬೆಲೆ 20 ಡಾಲರ್. ಮೊದಲ ದಿನವೇ ಅದು 25ರ ಹತ್ತಿರ ಹೋಯಿತು. ನಮ್ಮ ಹುಡುಗನ ಲೆಕ್ಕ 20ರಿಂದ ಶುರುವಾಗಿತ್ತು. ಆದರೆ ಆ 20 ಡಾಲರಿನ ಬೆಲೆ ದೊಡ್ಡ ಸಂಸ್ಥೆಗಳಿಗೆ ಮತ್ತು ದಲ್ಲಾಳಿಗಳ ಆಪ್ತ ಗಿರಾಕಿಗಳಿಗೆ ಸಿಗುವಂಥದ್ದು. ಬೀದಿಯಲ್ಲಿ ನಿಂತವನಿಗೆ ಸಿಕ್ಕಿದ್ದು 25. ಲೆಕ್ಕದ ಮೊದಲ ಸಾಲಿನಲ್ಲೇ ಕಾಲು ಭಾಗ ವ್ಯತ್ಯಾಸ ಬಂತು ನೋಡಿ.

ಮುಂದಿನ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ನನ್ನ ಮಾತೆಲ್ಲ ಇವುಗಳ ಮೇಲೆ ನಿಂತಿದೆ. ಇವು ಆಯಾ ವರ್ಷದ ಡಿಸೆಂಬರ್ ಕೊನೆಯ ಬೆಲೆಗಳು, ಹತ್ತಿರದ ಪೂರ್ಣ ಡಾಲರಿಗೆ ಸರಿಹೊಂದಿಸಿದ್ದು. 2006ರಲ್ಲಿ 30. 2007ರಲ್ಲಿ 267. 2008ರಲ್ಲಿ 138, ಆಮೇಲಿನ ಎರಡು ವರ್ಷ 135 ಮತ್ತು 130. 2011ರಲ್ಲಿ 34. 2012ರಲ್ಲಿ 31. ಅಲ್ಲಿಂದ 55, 45, 66, ಮತ್ತೆ 2016ಕ್ಕೆ 32. 2017ರಲ್ಲಿ 68, 2018ರಲ್ಲಿ 42, 2019ರಲ್ಲಿ 56. 2020ರಲ್ಲಿ 99, ಮರುವರ್ಷ 87, 2022ರಲ್ಲಿ 150, 2023ರಲ್ಲಿ 172, 2024ರಲ್ಲಿ 176. ಇವು ವರ್ಷಾಂತ್ಯದ ಬೆಲೆಗಳಾದ್ದರಿಂದ ನಡುವಿನ ಶಿಖರವೂ ಕಣಿವೆಯೂ ಇಲ್ಲಿ ಕಾಣುವುದಿಲ್ಲ. 2008ರ ಮೇ ತಿಂಗಳಲ್ಲಿ ಅದು ಒಂದು ದಿನ 311 ಡಾಲರಿಗೆ ಮುಗಿದಿತ್ತು. 2012ರ ಜೂನ್‌ನಲ್ಲಿ 12ಕ್ಕಿಂತ ಕೆಳಗೆ ಇಳಿದಿತ್ತು. ನೂರಕ್ಕೆ ತೊಂಬತ್ತಾರು ಹೋಯಿತು ಎಂದರ್ಥ. ನೂರು ನಾಲ್ಕಾದರೆ, ಮತ್ತೆ ನೂರಾಗಲು ಆ ನಾಲ್ಕು ಇಪ್ಪತ್ತೈದು ಪಟ್ಟು ಬೆಳೆಯಬೇಕು. 2024ರ ಜೂನ್‌ನಲ್ಲಿ ಅದು 300ರ ಗಡಿ ಮುಟ್ಟಿತು, ಅಂದರೆ ಹದಿನಾರು ವರ್ಷದ ಮೇಲೆ. ಆಗಲೂ ಹಳೆಯ ಶಿಖರ ದಾಟಲಿಲ್ಲ. ಈ ಕಂಪನಿ ಇಷ್ಟು ವರ್ಷಗಳಲ್ಲಿ ಲಾಭಾಂಶ ಕೊಟ್ಟಿಲ್ಲ, ಷೇರನ್ನು ಒಡೆದು ಎರಡು ಮಾಡಿಲ್ಲ. ಹಾಗಾಗಿ ನಮ್ಮ ಲೆಕ್ಕ ಸರಳ, ಬೆಲೆಗೆ ಬೆಲೆ ಹೋಲಿಸಿದರೆ ಸಾಕು.

ಈಗ ‘ಹಾಕಿದ್ದರೆ’ಯನ್ನು ಬೇರೆ ಬೇರೆ ದಿನಗಳಿಂದ ಶುರುಮಾಡಿ ನೋಡೋಣ. 2006ರ ಕೊನೆಗೆ ಹಾಕಿ 2024ರ ಕೊನೆಯವರೆಗೆ ಇಟ್ಟವನಿಗೆ ಸುಮಾರು 5.9 ಪಟ್ಟು, ಅಂದರೆ ವರ್ಷಕ್ಕೆ ಶೇ. 10.4ರ ಚಕ್ರಬಡ್ಡಿ. ಒಂದೇ ವರ್ಷ ತಡವಾಗಿ, 2007ರ ಕೊನೆಗೆ ಹಾಕಿದವನಿಗೆ ಹದಿನೇಳು ವರ್ಷದ ಮೇಲೆ ಮೂರರಲ್ಲಿ ಒಂದು ಭಾಗ ನಷ್ಟ. 2008ರ ಕೊನೆಗೆ ಹಾಕಿದವನಿಗೆ ವರ್ಷಕ್ಕೆ ಒಂದೂವರೆ ಶೇಕಡಾ. 2012ರ ಕೊನೆಗೆ ಹಾಕಿದವನಿಗೆ ವರ್ಷಕ್ಕೆ ಶೇ. 15ಕ್ಕಿಂತ ಹೆಚ್ಚು. 2016ರ ಕೊನೆಗೆ ಹಾಕಿದವನಿಗೆ ಸುಮಾರು ಶೇ. 24. ಕಂಪನಿ ಒಂದೇ, ಗಾಜು ಒಂದೇ, ಬಿಸಿಲು ಒಂದೇ. ಹಾಗಾದರೆ ‘ಈ ಷೇರು ಎಷ್ಟು ಲಾಭ ಕೊಟ್ಟಿತು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಷೇರಿಗೆ ಅಂಥ ಗುಣವಿಲ್ಲ. ಆ ಅಂಕಿ ಎರಡು ತಾರೀಕುಗಳ ನಡುವೆ ಹುಟ್ಟುತ್ತದೆ, ಮತ್ತು ಆ ತಾರೀಕುಗಳನ್ನು ಆರಿಸಿದವನು ಇವತ್ತು ಕುಳಿತು ಹಿಂದಕ್ಕೆ ನೋಡುತ್ತಿರುವವನು.

ನನಗೆ ಬಹಳ ಅಚ್ಚರಿ ತಂದ ಒಂದು ಹೋಲಿಕೆಯನ್ನು ಹೇಳಲೇಬೇಕು. ಅಮೆರಿಕದ ದೊಡ್ಡ ಐನೂರು ಕಂಪನಿಗಳ ಸೂಚ್ಯಂಕ ಎಸ್ ಅಂಡ್ ಪಿ 500. ಅದೇ 2006ರ ಕೊನೆಗೆ ಆ ಸೂಚ್ಯಂಕದಲ್ಲಿ ಹಣ ಹಾಕಿ, ಬಂದ ಲಾಭಾಂಶವನ್ನೆಲ್ಲ ಮತ್ತೆ ಅದಕ್ಕೇ ಸೇರಿಸುತ್ತ ಬಂದಿದ್ದರೆ 2024ರ ಕೊನೆಗೆ ಎಷ್ಟು ಪಟ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿದೆ. ಅದೂ 5.9 ಪಟ್ಟು. ಮೊದಲು ನನ್ನ ಲೆಕ್ಕದಲ್ಲೇ ತಪ್ಪಿರಬೇಕೆಂದು ಎರಡು ಸಲ ಮಾಡಿದೆ. ಹದಿನೆಂಟು ವರ್ಷ, ಒಂದು ಕಡೆ ಮೂವತ್ತರಿಂದ ಮುನ್ನೂರಕ್ಕೆ ಏರಿ ಹನ್ನೊಂದಕ್ಕೆ ಬಿದ್ದು ಮತ್ತೆ ಎದ್ದ ಒಂಟಿ ಷೇರು, ಇನ್ನೊಂದು ಕಡೆ ಐನೂರು ಕಂಪನಿಗಳ ಸರಾಸರಿ, ಕೊನೆಗೆ ಎರಡೂ ಒಂದೇ ಮೈಲಿಗಲ್ಲಿನ ಬಳಿ ನಿಂತಿವೆ. ಇದು ಕಾಕತಾಳೀಯ, ಒಂದು ವರ್ಷ ಆಚೀಚೆ ಮಾಡಿದರೆ ಕಳಚಿಬೀಳುತ್ತದೆ. ಆದರೂ ಈ ಕಾಕತಾಳೀಯ ನನಗೆ ಬಹಳ ಉಪಕಾರ ಮಾಡಿತು. ಎರಡು ದಾರಿಗಳ ಕೊನೆಯ ಅಂಕಿ ಒಂದೇ ಆದಾಗ, ದಾರಿ ದಾರಿಗೂ ಏನು ವ್ಯತ್ಯಾಸ ಎಂದು ನೋಡಲು ಅನುಕೂಲವಾಗುತ್ತದೆ. ಐನೂರು ಕಂಪನಿಗಳ ಜೊತೆ ನಡೆದವನೂ ಸುಖವಾಗಿರಲಿಲ್ಲ, 2007ರಿಂದ 2009ರ ನಡುವೆ ಅವನ ಅರ್ಧಕ್ಕಿಂತ ಹೆಚ್ಚು ಹೋಯಿತು. ಆದರೆ ತೊಂಬತ್ತಾರು ಹೋಗಲಿಲ್ಲ.

ಆ ಸೂಚ್ಯಂಕ ಮತ್ತು ಈ ಷೇರಿನ ಸಂಬಂಧವೂ ಗಮನಿಸಬೇಕಾದದ್ದು. 2009ರ ಅಕ್ಟೋಬರ್‌ನಲ್ಲಿ ಫಸ್ಟ್ ಸೋಲಾರ್ ಎಸ್ ಅಂಡ್ ಪಿ 500ರ ಒಳಗೆ ಬಂತು. ಆಗ ಬೆಲೆ 150ರ ಆಸುಪಾಸು. 2017ರ ಮಾರ್ಚ್‌ನಲ್ಲಿ ಅದನ್ನು ಹೊರಗಿಟ್ಟರು, ಆಗ ಬೆಲೆ ಮೂವತ್ತರ ಆಸುಪಾಸು. 2022ರ ಡಿಸೆಂಬರ್‌ನಲ್ಲಿ ಮತ್ತೆ ಒಳಗೆ ತಂದರು, ಆಗ ಮತ್ತೆ 150ರ ಆಸುಪಾಸು. ಸೂಚ್ಯಂಕವನ್ನು ಅನುಸರಿಸುವ ನಿಧಿಗಳೆಲ್ಲ ಆ ಆ ದಿನ ಆ ಆ ಬೆಲೆಗೆ ಕೊಳ್ಳಲೇಬೇಕು, ಮಾರಲೇಬೇಕು. ಆ ನಿಯಮದ ಹಿಂದೆ ಯಾವ ಭಯವೂ ಆಸೆಯೂ ಇಲ್ಲ, ಮುಖ್ಯವಾಗಿ ಕಂಪನಿಯ ಗಾತ್ರ ನೋಡುವ ಒಂದು ಪದ್ಧತಿಯಿದೆ. ಆದರೂ ಗಾಬರಿಯಾದ ಮನುಷ್ಯನೊಬ್ಬ ಮಾಡುವುದನ್ನೇ ಅದೂ ಮಾಡಿತು. ಏರಿದಾಗ ಕೊಂಡು ಇಳಿದಾಗ ಮಾರುವ ಜನರನ್ನು ನಾವು ಸುಲಭವಾಗಿ ದಡ್ಡರೆನ್ನುತ್ತೇವೆ. ಈ ಮೂರು ತಾರೀಕುಗಳನ್ನು ಕಂಡ ಮೇಲೆ ನನಗೆ ಹಾಗೆ ಅನ್ನುವ ಮನಸ್ಸಾಗುವುದಿಲ್ಲ.

ಇನ್ನು ನಂದಾದೀಪದ ಲೆಕ್ಕಕ್ಕೆ ಬರುತ್ತೇನೆ. ನಾನು ಇಲ್ಲಿಗೆ ಬಂದದ್ದೇ ಇದಕ್ಕಾಗಿ.

ಮೊಬೈಲಿನ ‘ಹಾಕಿದ್ದರೆ’ ಲೆಕ್ಕದಲ್ಲಿ ಒಂದು ಗುಟ್ಟಾದ ಊಹೆ ಇದೆ. ಹಾಕಿದವನು ಹದಿನೆಂಟು ವರ್ಷ ಆ ಹಣವನ್ನು ಮುಟ್ಟಲೇ ಇಲ್ಲ ಎಂಬ ಊಹೆ. ಅವನಿಗೆ ಮಗಳ ಮದುವೆ ಇಲ್ಲ, ಆಸ್ಪತ್ರೆಯ ಬಿಲ್ ಇಲ್ಲ, ಮನೆಯ ಸೂರು ಸೋರಲಿಲ್ಲ. ದತ್ತಿಗೆ ಹಾಗಲ್ಲ. ಪ್ರತಿ ವರ್ಷ ಎಣ್ಣೆ ಬೇಕು. ಹಾಗಾದರೆ ಒಂದು ದತ್ತಿಯನ್ನು ಈ ಷೇರಿನಲ್ಲಿ ಇಟ್ಟಿದ್ದರೆ? ಮೂಲಧನದ ಶೇ. 5ನ್ನು ಪ್ರತಿ ಡಿಸೆಂಬರ್ ಕೊನೆಗೆ, ಬೇಕಾದಷ್ಟೇ ಷೇರು ಮಾರಿ, ದೀಪಕ್ಕೆ ತೆಗೆಯುವುದು. ತೆರಿಗೆ, ದಲ್ಲಾಳಿ ಶುಲ್ಕ ಬಿಟ್ಟುಬಿಡೋಣ.

ಮೊದಲ ದತ್ತಿ 2006ರ ಕೊನೆಗೆ, 30 ಡಾಲರಿನಂತೆ ನೂರು ಷೇರು. ವರ್ಷಕ್ಕೆ 150 ಡಾಲರ್ ಎಣ್ಣೆ. 2007ರಲ್ಲಿ ಅರ್ಧ ಷೇರು ಮಾರಿದರೆ ಸಾಕು, ಬೆಲೆ ಅಷ್ಟು ಏರಿದೆ. ಕಷ್ಟದ ವರ್ಷಗಳಾದ 2011, 2012ರಲ್ಲೂ ನಾಲ್ಕೈದು ಷೇರು ಮಾರಿದರೆ ಸಾಕು. ಹದಿನೆಂಟು ವರ್ಷ ದೀಪ ಉರಿಯಿತು, ಕೊನೆಗೆ ಕೈಯಲ್ಲಿ ಸುಮಾರು 59 ಷೇರು ಉಳಿಯಿತು, ಅದರ ಬೆಲೆ ಹತ್ತು ಸಾವಿರ ಡಾಲರಿಗೂ ಹೆಚ್ಚು. ಮೂರು ಸಾವಿರ ಇಟ್ಟಿದ್ದಕ್ಕೆ, ವರ್ಷ ವರ್ಷವೂ ಎಣ್ಣೆ ಕೊಟ್ಟು, ಇಷ್ಟು.

ಎರಡನೆಯ ದತ್ತಿ ಒಂದೇ ಒಂದು ವರ್ಷ ತಡ. 2007ರ ಕೊನೆಗೆ, 267ರಂತೆ ನೂರು ಷೇರು, ಮೂಲಧನ 26,700 ಡಾಲರ್. ವರ್ಷಕ್ಕೆ ಶೇ. 5 ಎಂದರೆ 1,335. 2008ರಲ್ಲಿ ಬೆಲೆ 138, ಸುಮಾರು ಹತ್ತು ಷೇರು ಮಾರಬೇಕು. 2009ರಲ್ಲಿ ಹತ್ತು. 2010ರಲ್ಲಿ ಮತ್ತೆ ಹತ್ತು. ಎಪ್ಪತ್ತು ಉಳಿದಿದೆ. 2011ರಲ್ಲಿ ಬೆಲೆ 34. ಅದೇ ಎಣ್ಣೆಗೆ ಈಗ ನಲವತ್ತು ಷೇರು ಹೋಗುತ್ತದೆ. ಮೂವತ್ತು ಉಳಿಯಿತು. 2012ರ ಡಿಸೆಂಬರ್‌ನಲ್ಲಿ ಆ ಮೂವತ್ತನ್ನೂ ಪೂರ್ತಿ ಮಾರಿದರೆ ಸಿಗುವುದು 950 ಡಾಲರಿನ ಹತ್ತಿರ. ಬೇಕಾದದ್ದು 1,335. ಐದನೆಯ ವರ್ಷ ಅರೆ ಎಣ್ಣೆಯಲ್ಲಿ ದೀಪ ಆರಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಮೇಲೆ ಆ ಷೇರು ಏರಿತಲ್ಲ, 2012ರ 31ರಿಂದ 2024ರ 176ಕ್ಕೆ? ಏರಿತು. ಆದರೆ ಏರುವಾಗ ಈ ದತ್ತಿಯ ಬಳಿ ಒಂದು ಷೇರೂ ಇರಲಿಲ್ಲ. ಮೊಬೈಲಿನ ಲೆಕ್ಕದಲ್ಲಿ 2007ರವನ ನಷ್ಟ ಮೂರರಲ್ಲಿ ಒಂದು ಭಾಗ ಮಾತ್ರ. ದತ್ತಿಯ ಲೆಕ್ಕದಲ್ಲಿ ಅವನ ಮೂಲಧನವೇ ಇಲ್ಲ. ಬೆಲೆಯ ಪಟ್ಟಿ ಎರಡಕ್ಕೂ ಒಂದೇ. ನಡುವೆ ಬಂದದ್ದು ಪ್ರತಿ ವರ್ಷದ ಎಣ್ಣೆಯ ಅಗತ್ಯ, ಅಂದರೆ ಬದುಕು. ಪಿಂಚಣಿಯನ್ನೋ ನಿವೃತ್ತಿಯ ಇಡಿಗಂಟನ್ನೋ ಏರಿಳಿತದ ಷೇರಿಗೆ ಹಾಕುವ ನನ್ನ ವಯಸ್ಸಿನವರು ಈ ಎರಡನೆಯ ದತ್ತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಅವರೂ ವರ್ಷ ವರ್ಷ ಎಣ್ಣೆ ತೆಗೆಯುವವರು. ಸರಾಸರಿ ಲಾಭ ಎಷ್ಟು ಎಂಬುದಕ್ಕಿಂತ, ಕೆಟ್ಟ ವರ್ಷಗಳು ಮೊದಲು ಬರುತ್ತವೋ ಕೊನೆಗೆ ಬರುತ್ತವೋ ಎಂಬುದು ಅವರ ಪಾಲಿಗೆ ದೊಡ್ಡದು. ಅದನ್ನು ಮೊದಲೇ ತಿಳಿಯುವ ದಾರಿ ಯಾರಿಗೂ ಇಲ್ಲ. ನಮ್ಮ ಶಾಸನಗಳ ಸೆಟ್ಟಿ ‘ಇಷ್ಟು ಹೊನ್ನಿಗೆ ಇಷ್ಟು ಬಡ್ಡಿ’ ಎಂದು ಕಲ್ಲಿನಲ್ಲಿ ಕೊರೆಸಿದನಲ್ಲ, ಅವನಿಗೆ ಲಾಭದ ಆಸೆ ಕಡಿಮೆಯಿತ್ತು ಎಂದಲ್ಲ. ಅವನು ವರ್ತಕ, ನಷ್ಟದ ವರ್ಷಗಳನ್ನು ಚೆನ್ನಾಗಿ ಬಲ್ಲವನು. ದೀಪದ ಹಣ ಬೇರೆ, ವ್ಯಾಪಾರದ ಹಣ ಬೇರೆ ಎಂದು ಬಲ್ಲವನು.

ಆದರೆ ಇದೇ ಬೆಲೆಪಟ್ಟಿಯನ್ನು ತಿರುಗಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. ತೆಗೆಯುವವನ ಬದಲು ಕೂಡಿಡುವವನನ್ನು ತೆಗೆದುಕೊಳ್ಳಿ. ಅದೇ ಕೆಟ್ಟ ದಿನ, 2007ರ ಕೊನೆ, 267 ಡಾಲರ್. ಅಲ್ಲಿಂದ 2023ರವರೆಗೆ ಪ್ರತಿ ಡಿಸೆಂಬರ್‌ನಲ್ಲಿ ನೂರು ಡಾಲರ್ ಹಾಕುತ್ತ ಹೋದವಳು ಒಬ್ಬಳಿದ್ದಾಳೆ ಎಂದುಕೊಳ್ಳಿ. ಹದಿನೇಳು ಕಂತು, 1,700 ಡಾಲರ್. 2007ರ ನೂರಕ್ಕೆ ಅರ್ಧ ಷೇರೂ ಬರಲಿಲ್ಲ. 2012ರ ನೂರಕ್ಕೆ ಮೂರಕ್ಕಿಂತ ಹೆಚ್ಚು ಬಂತು, 2016ರ ನೂರಕ್ಕೂ ಅಷ್ಟೇ. 2024ರ ಕೊನೆಗೆ ಅವಳ ಬಳಿ ಇಪ್ಪತ್ತಾರೂವರೆ ಷೇರು, ಬೆಲೆ ಸುಮಾರು 4,680 ಡಾಲರ್. ದೀಪವನ್ನು ಆರಿಸಿದ ಅದೇ 2011, 2012ರ ಬೆಲೆಗಳು ಇವಳ ಬುಟ್ಟಿ ತುಂಬಿಸಿದವು. ನಮ್ಮಲ್ಲಿ ಈಗ ಮನೆಮಾತಾಗಿರುವ ಎಸ್ಐಪಿ ಎಂದರೆ ಇದೇ.

ಹಾಗೆಂದು ಇದನ್ನು ಸೂತ್ರ ಮಾಡಿಕೊಂಡು ಹೊರಟರೆ ಇನ್ನೊಂದು ಹಳ್ಳವಿದೆ. ನಾವು ಆರಿಸಿಕೊಂಡದ್ದು ಬದುಕುಳಿದ ಕಂಪನಿಯನ್ನು. 2008ರಲ್ಲಿ ಕುಳಿತವನಿಗೆ ಯಾವುದು ಉಳಿಯುತ್ತದೆಂದು ಹೇಗೆ ಗೊತ್ತು? ಅಂದು ಫಸ್ಟ್ ಸೋಲಾರಿಗೆ ಸರಿಸಮನಾಗಿ ಹೊಳೆಯುತ್ತಿದ್ದ ಹೆಸರು ಚೀನಾದ ವುಶಿ ನಗರದ ಸನ್‌ಟೆಕ್. ಷಿ ಝೆಂಗ್‌ರೊಂಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದಲ್ಲಿ ಓದಿ ಬಂದು 2001ರಲ್ಲಿ ಕಟ್ಟಿದ್ದು. 2005ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪೇಟೆಗೆ 15 ಡಾಲರಿಗೆ ಬಂತು, ಎರಡು ವರ್ಷದಲ್ಲಿ 80 ದಾಟಿತು. 2013ರ ಮಾರ್ಚ್‌ನಲ್ಲಿ 541 ಮಿಲಿಯನ್ ಡಾಲರಿನ ಬಾಂಡ್ ಸಾಲ ತೀರಿಸಲಾಗದೆ ಕುಸಿಯಿತು. ಜರ್ಮನಿಯ ಕ್ಯೂ-ಸೆಲ್ಸ್, ಒಂದು ಕಾಲಕ್ಕೆ ಜಗತ್ತಿನ ಅತಿದೊಡ್ಡ ಸೌರಕೋಶ ತಯಾರಕ, 2012ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಎವರ್‌ಗ್ರೀನ್ ಸೋಲಾರ್ 2011ರಲ್ಲಿ, ಸನ್‌ಎಡಿಸನ್ 2016ರಲ್ಲಿ, ಸನ್‌ಪವರ್ 2024ರಲ್ಲಿ. ಬೆಲೆ ಇಳಿದಾಗಲೆಲ್ಲ ನಿಷ್ಠೆಯಿಂದ ನೂರು ಡಾಲರ್ ಹಾಕುತ್ತಿದ್ದವಳು ಇವುಗಳಲ್ಲಿ ಒಂದನ್ನು ಆರಿಸಿಕೊಂಡಿದ್ದರೆ, ಅವಳ ನಿಷ್ಠೆಯೇ ಅವಳನ್ನು ಮುಳುಗಿಸುತ್ತಿತ್ತು. ಈ ಕಂಪನಿಗಳ ‘ಹಾಕಿದ್ದರೆ’ ಲೆಕ್ಕವನ್ನು ಯಾರೂ ಮೊಬೈಲಿನಲ್ಲಿ ತೋರಿಸುತ್ತ ಬರುವುದಿಲ್ಲ. ಊರ ಜಾತ್ರೆಯಲ್ಲಿ ಕುಸ್ತಿ ಗೆದ್ದವನ ಮೆರವಣಿಗೆ ಮಾತ್ರ ಬೀದಿಗೆ ಬರುತ್ತದೆ.

ಇವೆಲ್ಲ ಯಾಕೆ ಬಿದ್ದವು? ಬಿಸಿಲು ಸೋತಿತೇ? ಇಲ್ಲ, ಗೆದ್ದಿತು. 2008ರಲ್ಲಿ ಪ್ಯಾನೆಲ್ ಮಾಡುವ ಶುದ್ಧ ಸಿಲಿಕಾನಿಗೆ ಜಗತ್ತಿನಲ್ಲೆಲ್ಲ ಬರ. ಬಿಡಿ ಮಾರುಕಟ್ಟೆಯಲ್ಲಿ ಒಂದು ಕಿಲೋಗೆ 400 ಡಾಲರಿನವರೆಗೂ ಹೋಗಿತ್ತು. ಸಿಲಿಕಾನೇ ಬೇಡದ ಫಸ್ಟ್ ಸೋಲಾರಿಗೆ ಅದು ಸುಗ್ಗಿ, 311 ಡಾಲರಿನ ಹಿಂದೆ ಇದ್ದದ್ದು ಮುಖ್ಯವಾಗಿ ಆ ಬರ. ಆ ವರ್ಷದ ಕೊನೆಯಲ್ಲಿ ಕಂಪನಿ ಒಂದು ವ್ಯಾಟ್ ಪ್ಯಾನೆಲ್ ತಯಾರಿಸುವ ಖರ್ಚನ್ನು 98 ಸೆಂಟಿಗೆ ಇಳಿಸಿತು. ಒಂದು ಡಾಲರಿಗಿಂತ ಕೆಳಗೆ ಬಂದ ಮೊದಲಿಗರು ಅವರು. ಎಂಜಿನಿಯರುಗಳ ದೃಷ್ಟಿಯಲ್ಲಿ ಅದೊಂದು ಚಾರಿತ್ರಿಕ ಗಳಿಗೆ, ಆದರೆ ಅಷ್ಟು ಹೊತ್ತಿಗೆ ಷೇರಿನ ಬೆಲೆ ಶಿಖರದ ಅರ್ಧಕ್ಕೂ ಕೆಳಗಿತ್ತು. ಧಾರಾಳ ಸಬ್ಸಿಡಿಯಿಂದ 2008ರಲ್ಲಿ ಜಗತ್ತಿನ ಪ್ಯಾನೆಲ್‌ಗಳಲ್ಲಿ ದೊಡ್ಡ ಪಾಲನ್ನು ಬಾಚಿಕೊಂಡ ಸ್ಪೇನ್ ಮರುವರ್ಷಕ್ಕೆ 500 ಮೆಗಾವ್ಯಾಟಿನ ಮಿತಿ ಹಾಕಿತು. ಚೀನಾದಲ್ಲಿ ಕಾರ್ಖಾನೆಗಳು ಸಾಲು ಸಾಲಾಗಿ ಎದ್ದವು. 2012ರ ಕೊನೆಗೆ ಸಿಲಿಕಾನ್ ಕಿಲೋಗೆ 20 ಡಾಲರಿಗಿಂತ ಕೆಳಗೆ. 2012ರ ಏಪ್ರಿಲ್‌ನಲ್ಲಿ ಫಸ್ಟ್ ಸೋಲಾರ್ ಜರ್ಮನಿಯ ಓಡರ್ ದಂಡೆಯ ಫ್ರಾಂಕ್‌ಫರ್ಟ್ ಕಾರ್ಖಾನೆ ಮುಚ್ಚುವುದಾಗಿಯೂ ಸುಮಾರು 2,000 ಜನರನ್ನು ಕೆಲಸದಿಂದ ತೆಗೆಯುವುದಾಗಿಯೂ ಹೇಳಿತು. ಅದಕ್ಕೆ ಆರು ತಿಂಗಳ ಮೊದಲು ಸಿಇಒ ಅನ್ನು ಮನೆಗೆ ಕಳಿಸಿತ್ತು. ಹಳೆಯ ಪ್ಯಾನೆಲ್‌ಗಳ ಒಂದು ಕಂತು ದೋಷದಿಂದ ಕೂಡಿದ್ದು ಬದಲಿಸಿಕೊಡುವ ಖರ್ಚು ಬೇರೆ. ‘2012ರಲ್ಲಿ ಹಾಕಿದ್ದರೆ’ ಎನ್ನುವವರು ಆ ದಿನದ ಪತ್ರಿಕೆಯನ್ನೂ ಓದಿಕೊಂಡು ಹಾಕಬೇಕು. ಬೆಲೆ ಅಗ್ಗವಾಗಿದ್ದು ಯಾರೂ ಗಮನಿಸದೇ ಇದ್ದದ್ದರಿಂದಲ್ಲ. ಎಲ್ಲರೂ ಗಮನಿಸುತ್ತಿದ್ದರು, ಅದಕ್ಕೇ ಅಷ್ಟು ಅಗ್ಗವಾಗಿತ್ತು.

ಆಮೇಲಿನ ಏರಿಕೆಗೂ ಕಾರಣ ಬಿಸಿಲಿಗಿಂತ ಕಾನೂನು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಹಣದುಬ್ಬರ ಇಳಿಕೆ ಕಾಯ್ದೆ ಬಂತು. ಅಲ್ಲೇ ತಯಾರಾದ ಪ್ರತಿ ವ್ಯಾಟ್ ಪ್ಯಾನೆಲ್‌ಗೆ ತೆರಿಗೆ ರಿಯಾಯಿತಿ. ಅಮೆರಿಕದೊಳಗೆ ದೊಡ್ಡ ಕಾರ್ಖಾನೆಗಳಿದ್ದ ಫಸ್ಟ್ ಸೋಲಾರಿಗೆ ಅದು ವರವಾಯಿತು. 2016ರ ಕೊನೆಯಲ್ಲಿ 32 ಡಾಲರಿಗೆ ಕೊಂಡವನು ಆರು ವರ್ಷ ಮುಂದಿನ ಒಂದು ಕಾಯ್ದೆಯನ್ನು ಊಹಿಸಿದ್ದ ಎಂದು ನಾನು ನಂಬಲಾರೆ.

ಪ್ಯಾನೆಲ್ ಅಗ್ಗವಾದಷ್ಟೂ ಅದನ್ನು ಮಾಡುವವನ ಲಾಭ ತೆಳುವಾಗುತ್ತದೆ, ಅದನ್ನು ಹಾಸಿಕೊಳ್ಳುವವನ ಲಾಭ ಬೆಳೆಯುತ್ತದೆ. ಸೌರಶಕ್ತಿಯ ಭವಿಷ್ಯದ ಮೇಲೆ ನಂಬಿಕೆಯಿಟ್ಟು ಷೇರು ಕೊಂಡ ಲಕ್ಷಾಂತರ ಜನ ಭವಿಷ್ಯದ ವಿಷಯದಲ್ಲಿ ಸರಿಯಾಗಿಯೇ ಇದ್ದರು. ಅವರ ಹಣ ಹೋಯಿತು, ಅವರ ನಂಬಿಕೆ ನಿಜವಾಯಿತು. ಆ ಹಣದಲ್ಲಿ ಕಟ್ಟಿದ ಕಾರ್ಖಾನೆಗಳು ಬೆಲೆಯನ್ನು ಇಳಿಸದೇ ಇದ್ದಿದ್ದರೆ, ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರದಂಥ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಏಳುತ್ತಿರಲಿಲ್ಲ ಎಂದೇ ನನ್ನ ಭಾವನೆ. ಅಲ್ಲಿಯ ರೈತರು ಷೇರು ಕೊಳ್ಳಲಿಲ್ಲ, ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಎಂಬ ಕರಾರಿಗೆ ಕೊಟ್ಟರು. ನಂದಾದೀಪದ ಕರಾರಿಗೆ ಬಹಳ ಹತ್ತಿರದ ಕರಾರು ಅದು. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಈ ಗುತ್ತಿಗೆಯಲ್ಲಿ ಪಾಲಿಲ್ಲ, ಅದು ನನ್ನನ್ನು ಕಾಡುತ್ತಲೇ ಇದೆ. ಆ ವಿಷಯಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕು.

ನಮ್ಮಲ್ಲಿ ಕುಳಿತು ಅಮೆರಿಕದ ಷೇರು ಕೊಳ್ಳುವವರಿಗೆ ಇನ್ನೊಂದು ಮಾತು. ಈ ಲೆಕ್ಕವನ್ನು ರೂಪಾಯಿಯಲ್ಲಿ ಮಾಡಿದರೆ ಬೇರೆಯೇ ಚಿತ್ರ. 2007ರ ಕೊನೆಗೆ ಡಾಲರಿಗೆ ಮೂವತ್ತೊಂಬತ್ತೂವರೆ ರೂಪಾಯಿಯ ಹತ್ತಿರ. ಒಂದು ಷೇರಿಗೆ ಸುಮಾರು 10,500 ರೂಪಾಯಿ ಆಯಿತು. 2024ರ ಕೊನೆಗೆ ಡಾಲರ್ ಎಂಬತ್ತೈದೂವರೆ, ಷೇರು ಸುಮಾರು 15,000 ರೂಪಾಯಿ. ಅಮೆರಿಕದ ಫೀನಿಕ್ಸಿನಲ್ಲಿರುವ ಅಣ್ಣನಿಗೆ ಮೂರರಲ್ಲೊಂದು ಭಾಗ ನಷ್ಟ, ಅದೇ ದಿನ ಅದೇ ಷೇರು ಕೊಂಡ ಮೈಸೂರಿನ ತಮ್ಮನಿಗೆ ಶೇ. 40ಕ್ಕಿಂತ ಹೆಚ್ಚು ಲಾಭ. ತಮ್ಮ ಖುಷಿಪಡುವ ಮೊದಲು ಇದನ್ನೂ ನೋಡಲಿ: ಶೇ. 7ರ ಚಕ್ರಬಡ್ಡಿಯಲ್ಲಿ ಹದಿನೇಳು ವರ್ಷಕ್ಕೆ ಹಣ ಮೂರು ಪಟ್ಟು ಮೀರುತ್ತದೆ. ಅವನ ಹಣ ಒಂದೂವರೆ ಪಟ್ಟೂ ಆಗಲಿಲ್ಲ.

ಈ ಕಾಗದಗಳನ್ನೆಲ್ಲ ಆ ಹುಡುಗನಿಗೆ ಕಳಿಸಿದ್ದೆ. ಜೊತೆಗೆ ಒಂದು ಪ್ರಶ್ನೆ ಬರೆದಿದ್ದೆ: ‘2006ರ ನವೆಂಬರ್‌ನಲ್ಲಿ ನಿಮ್ಮ ಮನೆಯಲ್ಲಿ ಹಾಕಲು ಒಂದು ಲಕ್ಷ ಇತ್ತೇ? ಅಪ್ಪನನ್ನು ಕೇಳಿ ನೋಡು.’ ವಾರ ಬಿಟ್ಟು ಫೋನ್ ಮಾಡಿದ. ‘ಇತ್ತಂತೆ ಸರ್’ ಎಂದ. ನನಗೆ ಆಶ್ಚರ್ಯವಾಯಿತು. ಕಡಲೆಕಾಯಿ ಮಾರಿದ್ದು, ಸೊಸೈಟಿ ಸಾಲ, ಅಮ್ಮನ ಎರಡು ಬಳೆ, ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಇತ್ತಂತೆ. ಅದರಲ್ಲಿ ಬೋರ್‌ವೆಲ್ ಕೊರೆಸಿದರಂತೆ.

‘ನೀರು ಬಂತಾ?’ ಎಂದು ಕೇಳಿದೆ.

‘ಎರಡು ವರ್ಷ ಬಂತು ಸರ್. ಆ ಎರಡು ವರ್ಷದಲ್ಲೇ ನನ್ನನ್ನ ಹಾಸ್ಟೆಲಿಗೆ ಸೇರಿಸಿದ್ದು.’

ಬೋರ್‌ವೆಲ್ ಕೊರೆಸಿದ ಆ ಹೊಲ ಈಗ ಪಾವಗಡದ ಪಾರ್ಕಿನ ಒಳಗಿದೆ. ಪ್ಯಾನೆಲ್ ಸಾಲುಗಳ ನಡುವೆ ಬೋರ್‌ವೆಲ್ಲಿನ ಕೇಸಿಂಗ್ ಪೈಪು ಮೊಣಕಾಲೆತ್ತರಕ್ಕೆ ಇನ್ನೂ ನಿಂತಿದೆಯಂತೆ, ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿದ್ದಾರಂತೆ. ಹೋದ ಸಲ ಊರಿಗೆ ಹೋದಾಗ ಬೇಲಿಯ ಆಚೆ ನಿಂತು ಅಪ್ಪ ಅದನ್ನು ಅವನಿಗೆ ತೋರಿಸಿದರಂತೆ.